ವರ್ಕಿ ಡೊಮೇನ್ ಡಿಎನ್‌ಎಗೆ ಅಂಟದಿದ್ದಾಗ: ನನ್ನ ಅನುಭವ

ಅರಾಬಿಡಾಪ್ಸಿಸ್ ಸಸ್ಯದ ವರ್ಕಿ (WRKY) ಕುಟುಂಬದ, ಅಂದರೆ ಡಿಎನ್‌ಎಗೆ ಅಂಟಿ ಜೀನ್‌ಗಳನ್ನು ನಿಯಂತ್ರಿಸುವ ಗುಂಪಿನ, ಒಂದು ಪ್ರೋಟೀನನ್ನು ಶುದ್ಧೀಕರಣಕ್ಕೆ ನೆರವಾಗುವ ಜಿಎಸ್‌ಟಿ ಎಂಬ ಪ್ರೋಟೀನ್ ಜೋಡಿಸಿ ಶುದ್ಧೀಕರಿಸಿದ್ದೆ. ಅದು ಡಿಎನ್‌ಎಗೆ ಅಂಟುವ ಭಾಗವೇ ವರ್ಕಿ ಡೊಮೇನ್. ಪ್ರೋಟೀನ್ ಅಂಟಿದ ಡಿಎನ್‌ಎ ಜೆಲ್ಲಿನಲ್ಲಿ ನಿಧಾನವಾಗಿ ಸಾಗಿ ಮೇಲೆಯೇ ನಿಲ್ಲುವುದನ್ನು ನೋಡುವ ಜೆಲ್ ಶಿಫ್ಟ್ ಪ್ರಯೋಗದಲ್ಲಿ, ವರ್ಕಿ ಪ್ರೋಟೀನ್‌ಗಳು ಅಂಟುವ ಟಿಟಿಜಿಎಸಿಸಿ ಎಂಬ ಡಬ್ಲ್ಯೂ-ಬಾಕ್ಸ್ ಸರಣಿ ಇದ್ದ ಪ್ರೋಬ್ (ಡಿಎನ್‌ಎ ತುಣುಕು) ಅಷ್ಟೂ ಜೆಲ್ಲಿನ ತಳದಲ್ಲೇ ಉಳಿಯುತ್ತಿತ್ತು. ಮೇಲೆ ಒಂದು ಪಟ್ಟಿಯೂ ಕಾಣುತ್ತಿರಲಿಲ್ಲ.

ಪ್ರೋಟೀನಿನ ಪ್ರಮಾಣವನ್ನು ಐದು ಪಟ್ಟು ಹೆಚ್ಚಿಸಿದ್ದು, ಹೊಸ ಪ್ರೋಬ್ ತರಿಸಿದ್ದು, ಉಪ್ಪು ತಗ್ಗಿಸಿದ್ದು ಯಾವುದೂ ಫಲ ಕೊಡಲಿಲ್ಲ.

ಸುಮಾರು 60 ಅಮೈನೋ ಆಮ್ಲಗಳ ಈ ಡೊಮೇನಿನಲ್ಲಿ ಡಿಎನ್‌ಎಯನ್ನು ಮುಟ್ಟುವ ಡಬ್ಲ್ಯೂಆರ್‌ಕೆವೈಜಿಕ್ಯೂಕೆ (WRKYGQK) ಎಂಬ ಅಮೈನೋ ಆಮ್ಲಗಳ ಸರಣಿಯಷ್ಟೇ ಮುಖ್ಯವಾದದ್ದು, ಎರಡು ಸಿಸ್ಟೀನ್ ಮತ್ತು ಎರಡು ಹಿಸ್ಟಿಡೀನ್‌ಗಳು ಹಿಡಿದಿಟ್ಟುಕೊಂಡಿರುವ ಒಂದು ಸತುವಿನ ಅಯಾನು. ಪ್ರೋಟೀನಿನ ಸುತ್ತಲಿನ ದ್ರಾವಣವನ್ನು ಬದಲಿಸುವ ನನ್ನ ಡಯಾಲಿಸಿಸ್ ಬಫರಿನಲ್ಲಿ, ಲೋಹದ ಅಯಾನುಗಳನ್ನು ಹಿಡಿದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕ 1 ಮಿಲಿಮೋಲಾರ್ ಇತ್ತು. ಅದೇ ಆ ಸತುವನ್ನು ಕಿತ್ತುಕೊಳ್ಳುತ್ತಿತ್ತು. ಸತು ಕಳೆದುಕೊಂಡ ಹಳೆಯ ಪ್ರೋಟೀನಿಗೆ ಮತ್ತೆ ಸತು ಬೆರೆಸಿದರೂ ಬಂಧ ಮರಳಲಿಲ್ಲವಾದ್ದರಿಂದ ಮೊದಲಿನಿಂದಲೇ ಆರಂಭಿಸಬೇಕಾಯಿತು.

ಕೋಶಗಳನ್ನು ಒಡೆಯುವಾಗ ಇಡಿಟಿಎ ಇಲ್ಲದ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ತಡೆ ಮಿಶ್ರಣವನ್ನೇ ಬಳಸಿದೆ. ಬಳಿಕ 20 ಮಿಲಿಮೋಲಾರ್ ಟ್ರಿಸ್ (ಪಿಎಚ್ 7.5), 50 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, 1 ಮಿಲಿಮೋಲಾರ್ ಡಿಟಿಟಿ, 10 ಮೈಕ್ರೋಮೋಲಾರ್ ಸತುವಿನ ಕ್ಲೋರೈಡ್ ಮತ್ತು ಶೇ 10ರಷ್ಟು ಗ್ಲಿಸರಾಲ್ ಇರುವ ಬಫರಿನಲ್ಲಿ, 4 ಡಿಗ್ರಿಯಲ್ಲಿ, ರಾತ್ರಿಯಿಡೀ ಡಯಾಲಿಸಿಸ್ ಮಾಡಿದೆ. ಫಾಸ್ಫೇಟ್ ಬಫರ್ ಬೇಡ. ಅದರಲ್ಲಿ ಸತು ಗಸಿಯಾಗಿ ತಳಕ್ಕಿಳಿಯುತ್ತದೆ. ಪ್ರೋಬನ್ನು ಇಡಿಟಿಎ ಇರುವ ಟಿಇ ಬಫರಿನ ಬದಲು ಬರಿಯ ಟ್ರಿಸ್‌ನಲ್ಲಿ ಕರಗಿಸಿದೆ. ಹೆಚ್ಚಿನವರು ಮರೆಯುವುದು ಜೆಲ್ ಬಫರನ್ನು: ಮಾಮೂಲಿ ಟಿಬಿಇಯಲ್ಲೂ (ಟ್ರಿಸ್-ಬೋರೇಟ್-ಇಡಿಟಿಎ) ಇಡಿಟಿಎ ಇರುವುದರಿಂದ, ಶೇ 6ರ ಜೆಲ್ಲನ್ನು ಅದಿಲ್ಲದ ಟ್ರಿಸ್-ಬೋರೇಟ್‌ನಲ್ಲಿ 100 ವೋಲ್ಟ್‌ಗೆ ಓಡಿಸಿದೆ.

ಈ ಬಾರಿ ಪಟ್ಟಿ ಸ್ಪಷ್ಟವಾಗಿ ಮೇಲೆ ನಿಂತಿತು. ಪಕ್ಕದ ಸಾಲಿಗೆ 5 ಮಿಲಿಮೋಲಾರ್ ಇಡಿಟಿಎ ಸೇರಿಸಿದಾಗ ಅದು ಮಾಯವಾಯಿತು; ಟಿಟಿಜಿಎಎಸಿ ಎಂದು ಬದಲಿಸಿದ ಪ್ರೋಬ್‌ನಲ್ಲಿ ಮೂಡಲೇ ಇಲ್ಲ.