ತೂಕದ ಮೆಷಿನ್ ಒಳಗೆ ತಂದ ಮೇಲೆ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನನ್ನದೊಂದು ಚಿಕ್ಕ ಕ್ಲಿನಿಕ್. ದಪ್ಪ ಇರುವವರು ಬಂದ ಕೂಡಲೇ ತೂಕದ ಮಾತು ಎತ್ತಲ್ಲ ಅಂದಾಗ ಡಾಕ್ಟರ್ ಗೆಳೆಯರು ನಕ್ಕಿದ್ದರು. ಈಗ ಅವರೇ, ದಪ್ಪ ಇರುವವರು ಆರಾಮಾಗಿ ಕೂರಲಿ ಅಂತ ನಾನು ಮಾಡಿಸಿದ ಬೆಂಚಿನ ಅಳತೆ ಕೇಳುತ್ತಿದ್ದಾರೆ.

ಮೊದಲು ಮೆಷಿನ್ ಹೊರಗಡೆ ಇತ್ತು. ಕಾಂಪೌಂಡರ್ "96!" ಅಂತ ಕೂಗುತ್ತಿದ್ದ, ಕೂತವರೆಲ್ಲ ತಿರುಗಿ ನೋಡುತ್ತಿದ್ದರು. ಪರದೆ ಕಟ್ಟಿಸಿದೆ. ಅವನ ದನಿಗೆ ಪರದೆ ಎಲ್ಲಿಂದ ತರೋದು? ಕೊನೆಗೆ ಮೆಷಿನ್ನನ್ನೇ ನನ್ನ ರೂಮಿಗೆ ತಂದೆ. ಈಗ ಕೇಳಿಯೇ ತೂಕ ನೋಡುತ್ತೇನೆ, ಬೇಡ ಅಂದರೆ ಬಿಡುತ್ತೇನೆ. ಗರ್ಭಿಣಿಯರು, ಹಾರ್ಟ್ ಫೇಲ್ಯೂರ್ ಇರುವವರಿಗೆ ಮಾತ್ರ ಯಾಕೆ ಬೇಕು ಅಂತ ವಿವರಿಸಿ ಒಪ್ಪಿಸುತ್ತೇನೆ.

ದುಡ್ಡು ದಂಡವಾಗಿದ್ದು ಬಿಪಿ ಕಫ್‌ಗೆ, ಅಂದರೆ ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿಗೆ. ಅಗ್ಗದ ದೊಡ್ಡ ಕಫ್ ತಂದೆ, ಅದರ ವೆಲ್ಕ್ರೋ ಒಂದೆರಡು ತಿಂಗಳಿಗೇ ಬಿಟ್ಟುಕೊಂಡಿತು. ಎಂಟುನೂರು ರೂಪಾಯಿ ನೀರಿಗೆ. ಆಮೇಲೆ ಎರಡು ಸಾವಿರದ ಹತ್ತಿರ ಕೊಟ್ಟು ಗಟ್ಟಿಯಾದದ್ದು ತಂದೆ. ತೋಳಿನ ಸುತ್ತಳತೆ 34 ಸೆಂ.ಮೀ. ದಾಟಿದರೆ ಮಾಮೂಲಿ ಕಫ್ ಬಿಪಿ ಜಾಸ್ತಿ ತೋರಿಸುತ್ತೆ ಅಂತ ಡಾಕ್ಟರಿಗೆಲ್ಲ ಗೊತ್ತು. ಟೇಪ್ ಹಿಡಿದು ಅಳೆಯೋರು ಎಷ್ಟು ಜನ? 2023ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಕ್ಸ್‌ಎಲ್ ಕಫ್ ಬೇಕಾದವರಿಗೆ ಮಾಮೂಲಿ ಸುತ್ತಿದಾಗ ಮೇಲಿನ ಬಿಪಿ ಸುಮಾರು 20 ಜಾಸ್ತಿ ಬಂದಿತ್ತು. ನಾನೂ ಕುತೂಹಲಕ್ಕೆ ಕೆಲವರಿಗೆ ಎರಡೂ ಕಟ್ಟಿ ನೋಡಿದೆ. ಹತ್ತು ಹದಿನೈದು ವ್ಯತ್ಯಾಸ ಇತ್ತು. ಸುಮ್ನೆ ಮಾತ್ರೆ ನುಂಗುತ್ತಿದ್ದವರೂ ಸಿಕ್ಕರು!

ಹರಿಹರದ ಕಡೆಯಿಂದ ಒಬ್ಬ ಹೆಣ್ಣುಮಗಳು ಬಂದಿದ್ದರು. ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಹೋದಲ್ಲೆಲ್ಲ "ತೂಕ ಇಳಿಸಿ ಬಾ" ಅಂದಿದ್ದಾರೆ. ಬೈಸ್ಕೋಬೇಕಲ್ಲ ಅಂತ ವರ್ಷಗಟ್ಟಲೆ ಯಾವ ಡಾಕ್ಟರ ಹತ್ತಿರವೂ ಹೋಗಿಲ್ಲ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಾ ಅಂತ ಕೇಳಿದೆ. "ಇದನ್ನ ಯಾರೂ ಕೇಳೇ ಇಲ್ರೀ ಡಾಕ್ಟ್ರೇ" ಅಂದರು. ಹಿಮೋಗ್ಲೋಬಿನ್ 7ರ ಆಸುಪಾಸು, ಅಂದರೆ ರಕ್ತ ತೀರಾ ಕಮ್ಮಿ. ಕಬ್ಬಿಣದ ಮಾತ್ರೆ ಶುರು ಮಾಡಿ, ಸ್ತ್ರೀರೋಗ ತಜ್ಞರ ಹತ್ತಿರ ಕಳಿಸಿದೆ. ಸುಸ್ತು ಹೋದ ಮೇಲೆ ಅವರೇ ಕೇಳಿದರು, "ತೂಕಕ್ಕೇನು ಮಾಡಲಿ?"

ಹಾಗಂತ ತೂಕದ ಮಾತೇ ಆಡಲ್ಲ ಅಂತಲ್ಲ. ಬಂದ ತೊಂದರೆ ಮೊದಲು, ಅದು ಆಮೇಲೆ. ಆ ಮಾತಿಗೆ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ. ಅದು ನನ್ನ ಗುಟ್ಟು, ಇಲ್ಲಿ ಬರೆಯಲ್ಲ. ಮುಂಚೆ ಹತ್ತು ಜನರಲ್ಲಿ ಮೂರ್ನಾಲ್ಕು ಜನ ಫಾಲೋಅಪ್‌ಗೆ ಬರುತ್ತಿದ್ದರು. ಈಗ ಏಳೆಂಟು ಜನ ಬರುತ್ತಾರೆ.

ಬೆಂಚಿಗೆ ನಾಲ್ಕು ಸಾವಿರ ಚಿಲ್ಲರೆ ಆಯಿತು. ಅಗಲ ಎರಡಡಿ, ಪಕ್ಕದಲ್ಲಿ ಕೈ ಇಡುವ ಹಿಡಿ ಮಾಡಿಸಬೇಡಿ.