ಜರ್ಮನಿಗೆ ಓದಲು ಬರುತ್ತೀರಾ? ಕೋರ್ಸಿನ ಹೆಸರು ಆಮೇಲೆ, ಕೈಪಿಡಿ ಮೊದಲು

ಅಕ್ಟೋಬರ್ ಬಂತೆಂದರೆ ಸ್ಟುಟ್‌ಗಾರ್ಟಿನ ನಮ್ಮ ಮನೆಯಲ್ಲಿ ಒಂದು ಭಾನುವಾರ ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆಬಾತ್ ಆಗುತ್ತದೆ. ಹೊಸದಾಗಿ ಬಂದ ಹುಡುಗ ಹುಡುಗಿಯರು ಬರುತ್ತಾರೆ. ಒಬ್ಬರು ಹಾಸನ, ಒಬ್ಬರು ಪುತ್ತೂರು, ಇನ್ನಿಬ್ಬರು ಬೆಳಗಾವಿ. ಊಟ ಮುಗಿದು ಮಜ್ಜಿಗೆಗೆ ಬರುವ ಹೊತ್ತಿಗೆ ಯಾರಾದರೂ ಒಬ್ಬರು ಮೆಲ್ಲಗೆ ಕೇಳುತ್ತಾರೆ: "ಅಣ್ಣಾ, ನಾನು ಓದ್ಬೇಕು ಅಂತ ಬಂದ ಸಬ್ಜೆಕ್ಟೇ ನನ್ ಕೋರ್ಸಲ್ಲಿ ಇಲ್ವಂತೆ. ಈಗೇನ್ ಮಾಡ್ಲಿ?"

ಈ ಪ್ರಶ್ನೆಯನ್ನು ಒಂದು ವರ್ಷ ಮೊದಲೇ ಊರಲ್ಲಿ ಕೂತು ಕೇಳಬೇಕಿತ್ತು. ನಾನೂ ಕೇಳಿರಲಿಲ್ಲ ಬಿಡಿ. 2011ರಲ್ಲಿ ಬೇರೊಂದು ಊರಿನ ಯೂನಿವರ್ಸಿಟಿಗೆ ಬಂದೆ. ಕೋರ್ಸಿನ ಹೆಸರಲ್ಲಿ 'ಆಟೋಮೋಟಿವ್' ಅಂತ ಇತ್ತು, ನಾನು ಮೆಕ್ಯಾನಿಕಲ್. ಅಷ್ಟೇ ಸಾಕು ಅಂದುಕೊಂಡೆ. ಬಂದು ನೋಡಿದರೆ ಮುಕ್ಕಾಲು ಪಾಲು ಕಾರಿನ ಸಾಫ್ಟ್‌ವೇರ್. ನನಗೆ ಬೇಕಿದ್ದ ವೆಹಿಕಲ್ ಡೈನಾಮಿಕ್ಸ್ ಇತ್ತು, ಆದರೆ ಪಾಠ ಜರ್ಮನ್ ಭಾಷೆಯಲ್ಲಿ. ಅದೂ ಬೇಸಿಗೆ ಸೆಮಿಸ್ಟರಿನಲ್ಲಿ ಮಾತ್ರ. ಇದೆಲ್ಲ ಅವರ ವೆಬ್‌ಸೈಟಿನ ಒಂದು ಪಿಡಿಎಫ್‌ನಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾನು ತೆರೆದೇ ಇರಲಿಲ್ಲ.

ಆ ಪಿಡಿಎಫ್‌ನ ಹೆಸರು ಮಾಡ್ಯೂಲ್‌ಹಾಂಡ್‌ಬುಖ್, ಅಂದರೆ ಕೋರ್ಸಿನ ಕೈಪಿಡಿ. ಪ್ರತಿ ಕೋರ್ಸಿಗೂ ಒಂದು ಇರುತ್ತದೆ, ಕೆಲವು ನೂರು ಪುಟ ದಾಟುತ್ತವೆ. ಒಂದೊಂದು ವಿಷಯಕ್ಕೆ ಒಂದೆರಡು ಪುಟ. ಏನು ಕಲಿಸುತ್ತಾರೆ, ಯಾವ ಭಾಷೆಯಲ್ಲಿ, ಚಳಿಗಾಲದ ಸೆಮಿಸ್ಟರಿಗೋ ಬೇಸಿಗೆಯದಕ್ಕೋ, ಪರೀಕ್ಷೆ ಬರೆಯುವುದೋ ಬಾಯಿಮಾತಿನದೋ, ಎಷ್ಟು ಕ್ರೆಡಿಟ್, ಮೊದಲೇ ಏನು ಗೊತ್ತಿರಬೇಕು, ಎಲ್ಲ ಅಲ್ಲೇ ಇರುತ್ತದೆ. ಎರಡು ವರ್ಷದ ಮಾಸ್ಟರ್ಸ್ ಅಂದರೆ 120 ಕ್ರೆಡಿಟ್, ಸೆಮಿಸ್ಟರಿಗೆ 30. ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ ಕೆಲಸ ಅಂತ ಲೆಕ್ಕ. ಕೊನೆಯ 30 ಕ್ರೆಡಿಟ್ ಹೆಚ್ಚಾಗಿ ಥೀಸಿಸ್‌ಗೇ ಹೋಗುತ್ತದೆ. ಅಂದರೆ ನಿಮ್ಮ ಕೈಗೆ ಸಿಗುವುದು ಬರೀ ಮೂರು ಸೆಮಿಸ್ಟರ್. ಬೇಕಾದ ವಿಷಯ ವರ್ಷಕ್ಕೊಮ್ಮೆ ಬರುವುದಾದರೆ, ಅದನ್ನು ಒಮ್ಮೆ ತಪ್ಪಿಸಿಕೊಂಡರೆ ಪೂರ್ತಿ ಒಂದು ವರ್ಷ ಕಾಯಬೇಕು.

ಕೈಪಿಡಿ ಸಿಕ್ಕಿದ ಮೇಲೆ ನಾನು ಹುಡುಗರಿಗೆ ಮಾಡಿಸುವುದು ಇಷ್ಟೇ. ಕಡ್ಡಾಯ ಯಾವುದು, ಆಯ್ಕೆ ಯಾವುದು ಅಂತ ಬೇರೆ ಮಾಡಿ. ಆಯ್ಕೆಯ ಪಟ್ಟಿ ಉದ್ದ ಇದೆ ಅಂತ ಖುಷಿಪಡಬೇಡಿ. ಅದರಲ್ಲಿ ಜರ್ಮನ್‌ನಲ್ಲಿ ನಡೆಯುವವನ್ನೆಲ್ಲ ಹೊಡೆದುಹಾಕಿ. ಉಳಿದದ್ದೇ ನಿಮ್ಮ ಕೋರ್ಸು. ನಲವತ್ತು ವಿಷಯದ ಪಟ್ಟಿ ಎಂಟಕ್ಕೆ ಇಳಿದದ್ದನ್ನು ನಾನೇ ನೋಡಿದ್ದೇನೆ.

ಕೋರ್ಸುಗಳನ್ನು ಹುಡುಕಲು ಡಿಎಎಡಿ ಎಂಬ ಸಂಸ್ಥೆಯ ವೆಬ್‌ಸೈಟ್ ಸಾಕು. ದುಡ್ಡು ಕೊಡಬೇಕಿಲ್ಲ. ಇಂಗ್ಲಿಷ್‌ನಲ್ಲಿ ನಡೆಯುವ ಕೋರ್ಸುಗಳನ್ನು ಊರು, ವಿಷಯ, ಶುಲ್ಕದ ಪ್ರಕಾರ ಸೋಸಿ ಕೊಡುತ್ತದೆ. ನಮ್ಮವರು ಎಲ್ಲರೂ ಒಂದೇ ಐದಾರು ಹೆಸರಿನ ಹಿಂದೆ ಬೀಳುತ್ತಾರೆ. ಮ್ಯೂನಿಕ್, ಆಖೆನ್, ಮುಗೀತು. ಒಳ್ಳೆಯ ಜಾಗಗಳೇ, ಇಲ್ಲ ಅನ್ನುವುದಿಲ್ಲ. ಆದರೆ ನೀವು ಸಿವಿಲ್ ಓದಿ ನೀರಿನ ಕಡೆ ಒಲವಿದ್ದರೆ ಸ್ಟುಟ್‌ಗಾರ್ಟ್ ಯೂನಿವರ್ಸಿಟಿಯಲ್ಲಿ ವಾರೆಮ್ ಅಂತ ಒಂದು ಕೋರ್ಸ್ ಇದೆ, ಜಲಸಂಪನ್ಮೂಲ ಎಂಜಿನಿಯರಿಂಗ್. ಅದೇ ಯೂನಿವರ್ಸಿಟಿಯಲ್ಲಿ ಎಲೆಕ್ಟ್ರಾನಿಕ್ಸ್‌ನವರಿಗೆ ಇನ್ಫೋಟೆಕ್, ಮೆಕ್ಯಾನಿಕ್ಸ್ ಮತ್ತು ಲೆಕ್ಕ ಎರಡೂ ಇಷ್ಟ ಇದ್ದವರಿಗೆ ಕೊಮ್ಮಾಸ್. ಕೆಮ್ನಿಟ್ಸ್‌ನಲ್ಲಿ ಎಂಬೆಡೆಡ್ ಸಿಸ್ಟಮ್ಸ್ ಮತ್ತು ಆಟೋಮೋಟಿವ್ ಸಾಫ್ಟ್‌ವೇರ್, ಮಾಗ್ಡೆಬುರ್ಗ್‌ನಲ್ಲಿ ಡಿಜಿಟಲ್ ಎಂಜಿನಿಯರಿಂಗ್. ಈ ಎರಡೂ ಊರಲ್ಲಿ ಬಾಡಿಗೆ ಮ್ಯೂನಿಕ್‌ಗಿಂತ ಎಷ್ಟೋ ಕಡಿಮೆ. ಧಾರವಾಡದಲ್ಲೋ ಜಿಕೆವಿಕೆಯಲ್ಲೋ ಕೃಷಿ ಓದಿದವರು ಜರ್ಮನಿ ಅಂದರೆ ಬರೀ ಕಾರು ಅಂತ ಬಿಟ್ಟುಬಿಡುತ್ತಾರೆ. ಗ್ಯೋಟಿಂಗನ್ ಮತ್ತು ಕಾಸೆಲ್ ಯೂನಿವರ್ಸಿಟಿಗಳು ಸೇರಿ ಸುಸ್ಥಿರ ಅಂತರರಾಷ್ಟ್ರೀಯ ಕೃಷಿ ಅಂತ ಮಾಸ್ಟರ್ಸ್ ನಡೆಸುತ್ತವೆ. ನಮ್ಮ ಮನೆಯಿಂದ ಟ್ರೈನಿನಲ್ಲಿ ಹೋಗಬಹುದಾದ ಹೋಹೆನ್‌ಹೈಮ್ ಯೂನಿವರ್ಸಿಟಿ ಕೃಷಿಗೇ ಹೆಸರುವಾಸಿ.

ಗಣಿ, ಲೋಹ, ಭೂವಿಜ್ಞಾನ ಓದಿದವರಿಗೆ ಫ್ರೈಬೆರ್ಗ್ ಇದೆ. 1765ರಲ್ಲಿ ಶುರುವಾದ ಗಣಿ ವಿದ್ಯಾಲಯ. ಇಲ್ಲೊಂದು ಎಚ್ಚರ: ಫ್ರೈಬೆರ್ಗ್ ಬೇರೆ, ಫ್ರೈಬುರ್ಗ್ ಬೇರೆ. ಒಂದು ಪೂರ್ವದ ಸಾಕ್ಸೆನ್‌ನಲ್ಲಿ, ಇನ್ನೊಂದು ಸ್ವಿಟ್ಜರ್‌ಲೆಂಡ್ ಗಡಿಯ ಹತ್ತಿರ. ಸಂಡೂರಿನ ಕಡೆಯ ಒಬ್ಬ ಹುಡುಗ ಒಂದಕ್ಕೆ ಅಡ್ಮಿಷನ್ ಸಿಕ್ಕಿ ಇನ್ನೊಂದರಲ್ಲಿ ರೂಮು ಹುಡುಕುತ್ತಿದ್ದ. ಅಡ್ವಾನ್ಸ್ ಕೊಡುವ ಮೊದಲು ಫೋನ್ ಮಾಡಿದ, ಬದುಕಿದ.

ಇನ್ನು ಕಾಲೇಜಿನ ಬಗೆ. ಯೂನಿವರ್ಸಿಟಿ ಒಂದು, ಹೋಖ್‌ಶೂಲೆ ಅಂತ ಇನ್ನೊಂದು. ಎರಡನೆಯದರಲ್ಲಿ ಥಿಯರಿ ಕಡಿಮೆ, ಕೈಕೆಲಸ ಜಾಸ್ತಿ, ತರಗತಿ ಚಿಕ್ಕದು. ಮುಂದೆ ಕಂಪನಿ ಕೆಲಸವೇ ಗುರಿಯಾದರೆ ಒಳ್ಳೆಯ ಹೋಖ್‌ಶೂಲೆ ಯಾವ ರೀತಿಯಲ್ಲೂ ಕಡಿಮೆ ಅಲ್ಲ. ಪಿಎಚ್‌ಡಿ ಯೋಚನೆ ಇದ್ದರೆ ಯೂನಿವರ್ಸಿಟಿಯೇ ಸಲೀಸು. ಮೂರನೆಯದು ಖಾಸಗಿ ಕಾಲೇಜು. ಬೆಂಗಳೂರಿನ ಏಜೆಂಟರು "ಗ್ಯಾರಂಟಿ ಅಡ್ಮಿಷನ್" ಅಂತ ತೋರಿಸುವುದು ಹೆಚ್ಚಾಗಿ ಇದನ್ನೇ. ಸರ್ಕಾರಿ ಯೂನಿವರ್ಸಿಟಿಗಳು ಏಜೆಂಟರಿಗೆ ಕಮಿಷನ್ ಕೊಡುವುದಿಲ್ಲ, ಅರ್ಥ ಆಯ್ತಲ್ವಾ? ಖಾಸಗಿಯಲ್ಲಿ ಒಳ್ಳೆಯದೂ ಇದೆ, ಆದರೆ ಲಕ್ಷಗಟ್ಟಲೆ ಸಾಲ ಮಾಡುವ ಮೊದಲು ಹೋಖ್‌ಶೂಲ್‌ಕೊಂಪಾಸ್ ಎಂಬ ವೆಬ್‌ಸೈಟಿನ ಪಟ್ಟಿಯಲ್ಲಿ ಆ ಕಾಲೇಜು ಇದೆಯೇ ಎಂದು ನೋಡಿ. ಇದ್ದರೆ ಸರ್ಕಾರದ ಮಾನ್ಯತೆ ಇದೆ.

ಸರ್ಕಾರಿ ಯೂನಿವರ್ಸಿಟಿಗಳು ಪುಕ್ಕಟೆ ಎಂಬ ಮಾತೂ ಪೂರ್ತಿ ನಿಜ ಅಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಪಾಠದ ಶುಲ್ಕ ಇಲ್ಲ, ಸೆಮಿಸ್ಟರಿಗೆ ಒಂದಿಷ್ಟು ನೂರು ಯೂರೋ ಆಡಳಿತದ ಹಣ ಮಾತ್ರ. ಆದರೆ ನಮ್ಮ ಬಾಡೆನ್-ವುರ್ಟೆಂಬೆರ್ಗ್ ರಾಜ್ಯ 2017ರಿಂದ ಯೂರೋಪಿನ ಆಚೆಯವರಿಗೆ ಸೆಮಿಸ್ಟರಿಗೆ 1500 ಯೂರೋ ಹಾಕಿದೆ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ, ಹೈಡೆಲ್‌ಬೆರ್ಗ್, ಟ್ಯೂಬಿಂಗನ್ ಎಲ್ಲ ಇದರಲ್ಲೇ ಬರುತ್ತವೆ. ಮ್ಯೂನಿಕ್ ಟೆಕ್ನಿಕಲ್ ಯೂನಿವರ್ಸಿಟಿ 2024ರ ಚಳಿಗಾಲದಿಂದ ಮಾಸ್ಟರ್ಸ್‌ಗೆ ಕೋರ್ಸ್ ನೋಡಿಕೊಂಡು ಸೆಮಿಸ್ಟರಿಗೆ 4000 ಅಥವಾ 6000 ಯೂರೋ ತೆಗೆದುಕೊಳ್ಳುತ್ತದೆ. "ಜರ್ಮನಿ ಫ್ರೀ ಅಲ್ವಾ ಅಂಕಲ್" ಅಂತ ಅಪ್ಪ ಅಮ್ಮನ ಜೊತೆ ಫೋನ್ ಮಾಡುವವರಿಗೆ ನಾನು ಈ ಅಂಕಿಗಳನ್ನೇ ಮೊದಲು ಹೇಳುವುದು. ಇದಲ್ಲದೆ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ತೋರಿಸಬೇಕು. ಬಂದ ಮೇಲೆ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಅದು ನಿಮಗೇ ಸಿಗುತ್ತದೆ. ಶುಲ್ಕ ಅಲ್ಲ, ನಿಮ್ಮ ಊಟ ಬಾಡಿಗೆಯ ದುಡ್ಡು.

ಟ್ಯೂಬಿಂಗನ್ ಅಂದೆನಲ್ಲ, ಒಂದು ಸಣ್ಣ ಮಾತು. ಸ್ಟುಟ್‌ಗಾರ್ಟಿನಿಂದ ಟ್ರೈನಿನಲ್ಲಿ ಒಂದು ಗಂಟೆ ದಾರಿ. 1894ರಲ್ಲಿ ಕನ್ನಡ ನಿಘಂಟು ತಂದ ಕಿಟೆಲ್ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಅಲ್ಲಿನ ಯೂನಿವರ್ಸಿಟಿ. ಅವರು ತೀರಿಕೊಂಡದ್ದೂ ಅದೇ ಊರಲ್ಲಿ, 1903ರಲ್ಲಿ. ಅಲ್ಲಿ ಓದುವ ಕನ್ನಡದ ಮಕ್ಕಳಿಗೇ ಇದು ಗೊತ್ತಿರುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಒಂದು ದಿನ ಸುಮ್ನೆ ಹೋಗಿ ಬನ್ನಿ, ನದಿ ದಡ ಚೆನ್ನಾಗಿದೆ.

ಸೇರಿಸಿಕೊಳ್ಳುವ ವಿಷಯಕ್ಕೆ ಬರೋಣ. ನಮ್ಮವರು ಎಡವುವುದು ಇಲ್ಲೇ. ಇಲ್ಲಿನ ಹೆಚ್ಚಿನ ಮಾಸ್ಟರ್ಸ್ ಕೋರ್ಸುಗಳು ಬಿಇಯಲ್ಲಿ ಓದಿದ್ದನ್ನೇ ಮುಂದುವರಿಸುವಂಥವು. ಮೆಕ್ಯಾನಿಕಲ್ ಮುಗಿಸಿ ಎರಡು ಆನ್‌ಲೈನ್ ಸರ್ಟಿಫಿಕೇಟ್ ಹಿಡಿದು ಡೇಟಾ ಸೈನ್ಸ್‌ಗೆ ಅರ್ಜಿ ಹಾಕಿದರೆ ಸೀದಾ ತಿರಸ್ಕಾರ. ಅವರು ನೋಡುವುದು ಗಣಿತದಲ್ಲಿ ಇಷ್ಟು ಕ್ರೆಡಿಟ್, ಪ್ರೋಗ್ರಾಮಿಂಗ್‌ನಲ್ಲಿ ಇಷ್ಟು ಕ್ರೆಡಿಟ್ ಓದಿದ್ದೀರಾ ಅಂತ. ಅದಕ್ಕೆ ನಿಮ್ಮ ಸಿಲಬಸ್ ಬೇಕು. ವಿಟಿಯು ಸಿಲಬಸ್, ನೀವು ಓದಿದ ಸ್ಕೀಮಿನದು, ನಾಲ್ಕೂ ವರ್ಷದ್ದು. ಕಾಲೇಜಿನ ಸೀಲು ಹಾಕಿಸಿ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. 'ಎಂಜಿನಿಯರಿಂಗ್ ಮ್ಯಾಥ್ಸ್ 3' ಅಂತ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದರೆ ಇಲ್ಲಿನವರಿಗೆ ಏನೂ ಗೊತ್ತಾಗುವುದಿಲ್ಲ. ಫೂರಿಯರ್, ಲಾಪ್ಲಾಸ್ ಅಂತ ಒಳಗಿನದು ಕಾಣಬೇಕು.

ಅಂಕ ಬದಲಾಯಿಸುವ ಸೂತ್ರವೂ ಒಂದಿದೆ. ಇಲ್ಲಿ 1.0 ಅಂದರೆ ಅತ್ಯುತ್ತಮ, 4.0 ಪಾಸು, 5.0 ಫೇಲು. ನಮ್ಮ ಲೆಕ್ಕಕ್ಕೆ ಪೂರಾ ಉಲ್ಟಾ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ಪಾಸಿನ ನಡುವಿನ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ಹತ್ತಕ್ಕೆ ನಿಮ್ಮದು 8, ಪಾಸು 4 ಅಂತಾದರೆ 2.0 ಬರುತ್ತದೆ. ಪಾಸು 5 ಅಂತ ಹಿಡಿದರೆ ಅದೇ 8ಕ್ಕೆ 2.2. ಕಟ್‌ಆಫ್ 2.0 ಇರುವ ಕೋರ್ಸಿನಲ್ಲಿ ಇಷ್ಟು ಚಿಕ್ಕ ವ್ಯತ್ಯಾಸಕ್ಕೇ ಸೀಟು ಹೋಗುತ್ತದೆ. ಅದಕ್ಕೇ ಪಾಸಿನ ಗ್ರೇಡ್ ಎಷ್ಟು ಎಂದು ಸ್ಪಷ್ಟವಾಗಿ ಹೇಳುವ ಕಾಗದವನ್ನು ಕಾಲೇಜಿನಿಂದ ತೆಗೆದುಕೊಳ್ಳಿ.

ಪಿಯುಸಿ ಮುಗಿಸಿ ನೇರ ಬರುವವರಿಗೆ ದಾರಿ ಬೇರೆ. ಜೆಇಇ ಅಡ್ವಾನ್ಸ್ಡ್ ಪಾಸಾಗಿದ್ದರೆ, ಅಥವಾ ಊರಲ್ಲಿ ಡಿಗ್ರಿಯ ಒಂದು ವರ್ಷ ಮುಗಿಸಿದ್ದರೆ, ಅದೇ ವಿಷಯದಲ್ಲಿ ಇಲ್ಲಿ ಬ್ಯಾಚುಲರ್ಸ್‌ಗೆ ಅವಕಾಶ ಇರುತ್ತದೆ. ಇಲ್ಲದಿದ್ದರೆ ಸಾಮಾನ್ಯವಾಗಿ ಸ್ಟೂಡಿಯನ್‌ಕೊಲೆಗ್ ಎಂಬ ಒಂದು ವರ್ಷದ ತಯಾರಿ, ಅದಕ್ಕೆ ಜರ್ಮನ್ ಭಾಷೆ ಬೇಕು. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬ್ಯಾಚುಲರ್ಸ್ ಬಹುಪಾಲು ಜರ್ಮನ್‌ನಲ್ಲೇ. ನನ್ನನ್ನು ಕೇಳಿದರೆ ಡಿಗ್ರಿ ಊರಲ್ಲೇ ಮುಗಿಸಿ ಬನ್ನಿ ಅನ್ನುತ್ತೇನೆ.

ದಿನಾಂಕಗಳು. ಚಳಿಗಾಲದ ಸೆಮಿಸ್ಟರಿಗೆ ಜುಲೈ 15 ಅಂತ ಎಲ್ಲ ಕಡೆ ಓದುತ್ತೀರಿ. ಅದನ್ನು ನಂಬಿ ಕೂರಬೇಡಿ. ಇಂಗ್ಲಿಷ್ ಮಾಸ್ಟರ್ಸ್‌ಗಳಲ್ಲಿ ಎಷ್ಟೋ ಮಾರ್ಚ್‌ಗೋ ಮೇಗೋ ಬಾಗಿಲು ಹಾಕುತ್ತವೆ. ಅದಕ್ಕೂ ಮೊದಲು ಎಪಿಎಸ್ ಸರ್ಟಿಫಿಕೇಟ್, ಅಂದರೆ ನಿಮ್ಮ ಓದಿನ ಕಾಗದಪತ್ರ ಅಸಲಿ ಎಂದು ಪರಿಶೀಲಿಸಿ ಕೊಡುವ ಪತ್ರ, ಆಗಬೇಕು. 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳಿಗೆ ಇದು ಕಡ್ಡಾಯ, ಶುಲ್ಕ 18,000 ರೂಪಾಯಿ. ಬರಲು ವಾರಗಟ್ಟಲೆ ಹಿಡಿಯುತ್ತದೆ. ಅರ್ಜಿ ಕೆಲವು ಕಡೆ ನೇರ, ಕೆಲವು ಕಡೆ ಹಲವು ಯೂನಿವರ್ಸಿಟಿಗಳ ಪರವಾಗಿ ಅರ್ಜಿ ಪರಿಶೀಲಿಸುವ ಯೂನಿ-ಅಸಿಸ್ಟ್ ಎಂಬ ಸಂಸ್ಥೆಯ ಮೂಲಕ. ಅಲ್ಲಿ ಮೊದಲನೆಯದಕ್ಕೆ 75 ಯೂರೋ, ಅದೇ ಸೆಮಿಸ್ಟರಿನ ಮುಂದಿನ ಪ್ರತಿ ಅರ್ಜಿಗೆ 30. ಇಪ್ಪತ್ತು ಕಡೆ ಹಾಕುವುದಕ್ಕಿಂತ ಕೈಪಿಡಿ ಓದಿ ಆರು ಕಡೆ ಹಾಕಿದವರಿಗೇ ಸೀಟು ಸಿಕ್ಕಿದ್ದನ್ನು ಜಾಸ್ತಿ ಕಂಡಿದ್ದೇನೆ.

ಬಂದ ಮೇಲೆ ಊರಿನ ಅಭ್ಯಾಸ ಒಂದನ್ನು ಬಿಡಬೇಕು. ಪರೀಕ್ಷೆಗೆ ತಾನಾಗಿ ಹೆಸರು ಬರುವುದಿಲ್ಲ. ಪ್ರತಿ ವಿಷಯಕ್ಕೂ ನೀವೇ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅದಕ್ಕೊಂದು ಕೊನೆಯ ದಿನ, ಹಿಂದೆಗೆದುಕೊಳ್ಳಲು ಇನ್ನೊಂದು. ಹೆಸರು ಕೊಟ್ಟು ಹೋಗದಿದ್ದರೆ 5.0, ಅಂದರೆ ಫೇಲು. ಹೆಚ್ಚಿನ ಕಡೆ ಒಂದು ವಿಷಯಕ್ಕೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರೂ ಹೋದರೆ ಕೋರ್ಸಿನಿಂದಲೇ ಹೊರಗೆ, ಬೇರೆ ಊರಿನ ಯೂನಿವರ್ಸಿಟಿಯೂ ಅದೇ ಕೋರ್ಸಿಗೆ ಸೇರಿಸಿಕೊಳ್ಳುವುದಿಲ್ಲ. ಊರಿನ ಬ್ಯಾಕ್‌ಲಾಗ್ ಲೆಕ್ಕ ಇಲ್ಲಿ ನಡೆಯದು.

ನಾನು ಕಂಟ್ರೋಲ್ ಎಂಜಿನಿಯರಿಂಗ್‌ನಲ್ಲಿ ಎರಡು ಸಲ ಫೇಲಾದೆ. ಮೊದಲ ಸಲ ಹಿಂದಿನ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿ ಹೋಗಿದ್ದೆ, ಒಂದೂ ಬರಲಿಲ್ಲ. ಎರಡನೇ ಸಲ ಹೆದರಿಕೆಗೇ ಹೋಯಿತು. ಮನೆಗೆ ಹೇಳಲಿಲ್ಲ. ಮೂರನೆಯದಕ್ಕೆ ಮೊದಲು ಹಾಸ್ಟೆಲಿನ ಜರ್ಮನ್ ಗೆಳೆಯ ಕೇಳಿದ: "ನೀನು ಐನ್‌ಸಿಷ್ಟ್‌ಗೆ ಹೋಗಿದ್ದೆಯಾ?" ಹಾಗಂದರೆ ಏನು ಅಂತಲೇ ನನಗೆ ಗೊತ್ತಿರಲಿಲ್ಲ. ಫಲಿತಾಂಶದ ನಂತರ ಒಂದು ದಿನ ನಮ್ಮ ಉತ್ತರಪತ್ರಿಕೆಯನ್ನು ನಮ್ಮ ಮುಂದೆಯೇ ಇಡುತ್ತಾರೆ. ಎಲ್ಲಿ ತಪ್ಪಿದೆ ಎಂದು ನೋಡಬಹುದು, ಅಂಕ ಕೂಡುವಲ್ಲಿ ತಪ್ಪಿದ್ದರೆ ಕೇಳಬಹುದು. ದುಡ್ಡಿಲ್ಲ, ಜಗಳವಿಲ್ಲ. ಹೋಗಿ ನೋಡಿದೆ. ಉತ್ತರ ಸರಿಯಿದ್ದ ಕಡೆಯೂ ಅಂಕ ಹೋಗಿತ್ತು, ನಾನು ಹಂತಗಳನ್ನೇ ಬರೆದಿರಲಿಲ್ಲ. ಮೂರನೇ ಸಲ 2.7 ಬಂತು.

ಕೆಲಸದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆಯೊಳಗೆ ಇರಲಿ, ಇಲ್ಲದಿದ್ದರೆ ವಿಮೆಯ ಲೆಕ್ಕ ಬದಲಾಗುತ್ತದೆ. ಪ್ರೊಫೆಸರ್ ಕೈಕೆಳಗಿನ ಹಿವಿ ಕೆಲಸ, ಅಂದರೆ ವಿದ್ಯಾರ್ಥಿ ಸಹಾಯಕರ ಕೆಲಸ, ಸಿಕ್ಕರೆ ಬಿಡಬೇಡಿ. ಸಂಬಳ ಕಮ್ಮಿಯಾದರೂ ಥೀಸಿಸ್ ಹೆಚ್ಚಾಗಿ ಅಲ್ಲಿಂದಲೇ ಹುಟ್ಟುತ್ತದೆ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಇರಲು ಬಿಡುತ್ತಾರೆ. ಆ 18 ತಿಂಗಳಲ್ಲಿ ಒದ್ದಾಡುವವರನ್ನು ಕೇಳಿ ನೋಡಿ, ಹತ್ತರಲ್ಲಿ ಏಳು ಜನ ಭಾಷೆಯ ಮಾತೇ ಎತ್ತುತ್ತಾರೆ. ಯೂನಿವರ್ಸಿಟಿಗಳಲ್ಲಿ ಭಾಷಾ ಕೇಂದ್ರ ಇರುತ್ತದೆ, ಜರ್ಮನ್ ತರಗತಿ ಪುಕ್ಕಟೆ ಅಥವಾ ತೀರಾ ಅಗ್ಗ. ಆದರೆ ಸೀಟು ಕಮ್ಮಿ, ಸೆಮಿಸ್ಟರ್ ಶುರುವಾಗುವ ಮೊದಲೇ ತುಂಬಿಹೋಗುತ್ತದೆ. ಊರಲ್ಲೇ ಜರ್ಮನ್ ಭಾಷೆಯ ಎ2 ಹಂತ ಮುಗಿಸಿ ಬಂದರೆ ಇಲ್ಲಿ ಮುಂದಿನ ಹಂತವಾದ ಬಿ1ಗೆ ನೇರ ಕೂರಬಹುದು. ವೀಸಾ ಕಾಯುವ ಆ ಮೂರು ತಿಂಗಳು ಬೇರೆ ಏನು ಕೆಲಸ ಇರುತ್ತದೆ ಹೇಳಿ?

ಹಾಸ್ಟೆಲ್ ಅರ್ಜಿಯನ್ನು ಮಾತ್ರ ಅಡ್ಮಿಷನ್ ಪತ್ರ ಬಂದ ಸಂಜೆಯೇ ಹಾಕಿ. ಟಿಕೆಟ್ ಬುಕ್ ಮಾಡುವುದು ನಾಳೆಗಿರಲಿ.