ಮೀನಿಗಿಂತ ಪೆಟ್ರೋಲಿಗೇ ಹೆಚ್ಚು ಹೋಗದ ಹಾಗೆ ಗಾಳ ಹಾಕುವುದು

ಗಾಳ ಹಾಕಿ ಮನೆಖರ್ಚು ಉಳಿಸಲು ಹೊರಟವರು ಸಾಮಾನ್ಯವಾಗಿ ಎಡವುವುದು ಮೀನು ಸಿಗದೆ ಅಲ್ಲ, ಸಾಮಾನು ಕೊಂಡು. ಎರಡು ಸಾವಿರದ ರೀಲು ಕೋಲು, ಬಣ್ಣಬಣ್ಣದ ರಬ್ಬರ್ ಮೀನು, ಭಾನುವಾರ ಬೈಕಿನಲ್ಲಿ ಶರಾವತಿ ಹಿನ್ನೀರಿಗೆ ಹೋಗಿಬರಲು 60 ಕಿಲೋಮೀಟರ್. ಲೀಟರಿಗೆ 45 ಕೊಡುವ ಬೈಕಾದರೂ ಒಂದೂಕಾಲು ಲೀಟರಿಗೆ ಮೇಲೆಯೇ ಪೆಟ್ರೋಲು ಆಯಿತು. ಆ ದುಡ್ಡಿಗೆ ಪೇಟೆಯಲ್ಲಿ ಭೂತಾಯಿ ಮೀನು ತಂದು ಮನೆಮಂದಿಗೆಲ್ಲ ಸಾರು ಮಾಡಬಹುದಿತ್ತು. ಹಾಗಾಗಿ ನಾನು ಇಟ್ಟುಕೊಂಡ ಲೆಕ್ಕ ಇಷ್ಟೇ: ನಡೆದು ಅಥವಾ ಸೈಕಲ್ಲಿನಲ್ಲಿ ಹೋಗುವಷ್ಟು ದೂರದ ಹಳ್ಳ, ಕೆರೆ, ಬೆರಳುದ್ದದಿಂದ ಗೇಣುದ್ದದವರೆಗಿನ ಮೀನು. ದೊಡ್ಡ ಮೀನಿನ ಆಸೆಗೆ ಕೂತವರು ಖಾಲಿ ಕೈಯಲ್ಲಿ ಬರುವ ದಿನವೇ ಹೆಚ್ಚು. ಸಾರು ಮಾಡಲು ಬೇಕಾದಷ್ಟು ಪಕ್ಕೆ ಎಂಬ ಸಣ್ಣ ಮೀನು, ಜಿಲೇಬಿ (ತಿಲಾಪಿಯಾ) ಮಾತ್ರ ಎರಡು ತಾಸಿನಲ್ಲಿ ಆಗಿಬಿಡುತ್ತದೆ.

ಶಿಕಾರಿಯ ವಿಷಯ ಇಲ್ಲೇ ಮುಗಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಮೊಲ, ಕಾಡುಕೋಳಿ, ಕಾಡುಕುರಿ, ಉಡ ಯಾವುದನ್ನೂ ಹೊಡೆಯುವಂತಿಲ್ಲ. ಗದ್ದೆಗೆ ಹಂದಿ ಬಿತ್ತು ಅಂತ ಕ್ಲಚ್ ವಯರಿನ ಉರುಳು ಕಟ್ಟಿದರೆ ಅದಕ್ಕೆ ಬೀಳುವುದು ಪಕ್ಕದ ಮನೆಯ ನಾಯಿ, ಇಲ್ಲವೇ ಚಿರತೆ. ಕೋರ್ಟು, ವಕೀಲರು, ಜೈಲು ಸೇರಿಸಿದರೆ ಅದಕ್ಕಿಂತ ದುಬಾರಿ ಮಾಂಸ ಇನ್ನೊಂದಿಲ್ಲ. ನೀರಿನಲ್ಲೂ ಅಷ್ಟೇ: ಗಾಳಕ್ಕೆ ಆಮೆ ಕಚ್ಚಿದರೆ ಎಳೆದಾಡದೆ ದಾರವನ್ನು ಬಾಯಿಯ ಹತ್ತಿರಕ್ಕೆ ಕತ್ತರಿಸಿ ಬಿಡಿ.

ಎಲ್ಲಿ ಹಾಕಬೇಕು ಅನ್ನುವುದನ್ನು ಮೊದಲು ಕೇಳಿ ತಿಳಿದುಕೊಳ್ಳಬೇಕು. ಊರಿನ ಕೆರೆಗಳನ್ನು ಪಂಚಾಯ್ತಿಯೋ ಇಲಾಖೆಯೋ ಗುತ್ತಿಗೆಗೆ ಕೊಟ್ಟಿರುತ್ತದೆ. ಅಲ್ಲಿರುವ ಕಾಟ್ಲಾ, ರೋಹು ಗುತ್ತಿಗೆದಾರರು ಮರಿ ಬಿಟ್ಟು ಸಾಕಿದ್ದು. ಕೇಳಿದರೆ ಕೆಲವರು ಜಿಲೇಬಿ ಹಿಡಿಯಲು ಬೇಡ ಅನ್ನುವುದಿಲ್ಲ. ಜಿಲೇಬಿ ಸಿಕ್ಕಾಪಟ್ಟೆ ಮರಿ ಹಾಕಿ ಅವರ ಮೀನಿನ ಮೇವು ತಿನ್ನುತ್ತದೆ, ಹಾಗಾಗಿ. ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ ಮತ್ಸ್ಯಧಾಮ, ಶೃಂಗೇರಿಯ ದೇವರ ಮೀನು, ಅಭಯಾರಣ್ಯದೊಳಗಿನ ಹಳ್ಳ, ಇವುಗಳ ತಂಟೆಗೆ ಹೋಗಬೇಡಿ. ಸಾಗರ, ಸೊರಬದ ಕಡೆ ಬೇಸಿಗೆಯಲ್ಲಿ ಊರವರೆಲ್ಲ ಒಟ್ಟಿಗೆ ಕೆರೆಗಿಳಿದು ಮೀನು ಹಿಡಿಯುವ ಕೆರೆಬೇಟೆ ನಡೆದರೆ, ಮೀನು ಹಿಡಿಯುವ ಬಿದಿರಿನ ಕೂಣಿಗೆ ಇಷ್ಟು ಅಂತ ದುಡ್ಡು ಕಟ್ಟಿ ಇಳಿಯುವುದು ರೂಢಿ. ಅದು ಹಬ್ಬದ ಖುಷಿಗೆ ಸರಿ, ಮನೆಖರ್ಚಿನ ಲೆಕ್ಕಕ್ಕೆ ನಂಬುವ ಹಾಗಿಲ್ಲ. ಕೂಣಿಗೆ ಬಿದ್ದದ್ದೇ ಅದೃಷ್ಟ.

ಕೋಲಿಗೆ 10ರಿಂದ 12 ಅಡಿಯ ಸಪೂರ ಬಿದಿರು ಸಾಕು. ಬುಡ ಹೆಬ್ಬೆರಳ ದಪ್ಪ, ತುದಿ ಪೆನ್ಸಿಲ್‌ಗಿಂತ ಸಣ್ಣ. ಹಸಿ ಬಿದಿರನ್ನು ಬಿಸಿಲಿಗಿಟ್ಟರೆ ಸೀಳುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಒಂದು ತಿಂಗಳು ಅಡ್ಡ ಮಲಗಿಸಿದರೆ ಹೊಗೆ ಹಿಡಿದು ಹಗುರಾಗುತ್ತದೆ, ಹುಳವೂ ಹಿಡಿಯುವುದಿಲ್ಲ. ದಾರ ತಂಗೂಸಿ, ಅಂದರೆ ನೈಲಾನ್ ಎಳೆ. ಪಕ್ಕೆಗೆ 0.20 ಮಿಲಿಮೀಟರ್, ಜಿಲೇಬಿಗೆ 0.25, ಮೀಸೆಯ ಮೀನಾದ ಮುರುಗೋಡಿಗೆ 0.35. ದಪ್ಪ ದಾರ ಹಾಕಿದರೆ ಕಡಿಯುವುದಿಲ್ಲ ನಿಜ, ಆದರೆ ತಿಳಿನೀರಿನಲ್ಲಿ ಮೀನು ಹತ್ತಿರವೇ ಸುಳಿಯುವುದಿಲ್ಲ.

ಗಾಳದ ನಂಬರಿನಲ್ಲಿ ಹೊಸಬರು ಖಂಡಿತ ಎಡವುತ್ತಾರೆ: ನಂಬರು ದೊಡ್ಡದಾದಷ್ಟೂ ಗಾಳ ಚಿಕ್ಕದು. ಪಕ್ಕೆಗೆ 14, ಜಿಲೇಬಿಗೆ 10, ಮುರುಗೋಡಿಗೆ 5 ಅಥವಾ 6. ಅಂಗಡಿಯವರು ಕೊಡುವ ದೊಡ್ಡ ಗಾಳಕ್ಕೆ ಎರೆ ಮಾತ್ರ ಖರ್ಚಾಗುತ್ತದೆ, ಮೀನು ಸುತ್ತಲಿಂದ ಕಚ್ಚಿ ತಿಂದು ಹೋಗುತ್ತದೆ. ನೀರಿನ ಮೇಲೆ ತೇಲುವ ಬೆಂಡಿಗೆ ಹರಿದ ಹವಾಯಿ ಚಪ್ಪಲಿಯನ್ನು ಕಡ್ಡಿಯ ಹಾಗೆ ಎರಡಂಗುಲ ಉದ್ದಕ್ಕೆ ಕತ್ತರಿಸಿಕೊಳ್ಳಿ. ತೂಕಕ್ಕೆ ಅಕ್ಕಿಕಾಳಿನಷ್ಟು ಸೀಸ, ಗಾಳದಿಂದ ನಾಲ್ಕು ಬೆರಳು ಮೇಲೆ. ಗಂಟು ಹಾಕುವಾಗ ದಾರವನ್ನು ಗಾಳದ ಕಣ್ಣಿಗೆ ಪೋಣಿಸಿ, ತನ್ನ ಮೇಲೆಯೇ ಆರು ಸುತ್ತು ಸುತ್ತಿ, ಕೆಳಗಿನ ಕುಣಿಕೆಯೊಳಗೆ ತೂರಿಸಿ, ಎಂಜಲು ಹಚ್ಚಿ ಎಳೆಯಬೇಕು. ಒಣಗಂಟನ್ನು ಎಳೆದರೆ ಉಜ್ಜಿದ ಬಿಸಿಗೆ ತಂಗೂಸಿ ಅಲ್ಲೇ ಸೊರಗುತ್ತದೆ. ಮೀನು ಕಡಿದುಕೊಂಡು ಹೋಯಿತು ಅಂದಾಗೆಲ್ಲ ದಾರದ ತುದಿ ನೋಡಿ: ಸುರುಳಿ ಸುರುಳಿಯಾಗಿದ್ದರೆ ಗಂಟು ಬಿಚ್ಚಿದ್ದು, ತಪ್ಪು ನಿಮ್ಮದು. ಬಿದಿರು ಮನೆಯದಾದರೆ ಇಷ್ಟಕ್ಕೂ ಸೇರಿ 150 ರೂಪಾಯಿ ದಾಟಬಾರದು.

ಎರೆಯಲ್ಲಿ ಹಿಟ್ಟಿನದೇ ಮುಖ್ಯ ಪಾತ್ರ, ಅಗ್ಗವೂ ಹೌದು. ಹೊಸ ತೌಡು ನಾಲ್ಕು ಮುಷ್ಟಿ, ಶೇಂಗಾ ಹಿಂಡಿ ಪುಡಿ ಒಂದು ಮುಷ್ಟಿ, ಮೈದಾ ಒಂದು ಮುಷ್ಟಿ, ಅಡಿಕೆಯಷ್ಟು ಬೆಲ್ಲ. ತೌಡನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿಯಿರಿ, ಕಪ್ಪಾಗಬಾರದು. ಆರಿದ ಮೇಲೆ ಉಳಿದದ್ದನ್ನು ಸೇರಿಸಿ, ಬೆಲ್ಲದ ನೀರನ್ನು ಚಿಮುಕಿಸುತ್ತಾ ರೊಟ್ಟಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ. ಬಟಾಣಿಯಷ್ಟು ಉಂಡೆಯನ್ನು ಲೋಟದ ನೀರಿಗೆ ಹಾಕಿ ನೋಡಿ: ಐದು ನಿಮಿಷ ನಿಂತು, ಸುತ್ತ ಸ್ವಲ್ಪ ಮಬ್ಬು ಬಿಟ್ಟರೆ ಹದ ಸರಿ. ಕೂಡಲೇ ಕರಗಿದರೆ ಮೈದಾ ಸೇರಿಸಿ. ಮಬ್ಬೇ ಬಿಡದಿದ್ದರೆ ಮೈದಾ ಹೆಚ್ಚಾಯಿತು. ಅಂಥ ಉಂಡೆಯಿಂದ ವಾಸನೆ ಹರಡದು, ಎಳೆದಾಗ ಗಾಳದ ಮೊನೆಯೂ ಹೊರಬರದು. ಹಳೆಯ ತೌಡು ಬೇಡ, ಅದರ ಎಣ್ಣೆ ಕಮಟಾಗಿರುತ್ತದೆ. ಮುರುಗೋಡಿಗೆ ಮಾತ್ರ ಎರೆಹುಳವೇ ಆಗಬೇಕು. ಗೊಬ್ಬರಗುಂಡಿಯ ಅಂಚಿನಲ್ಲಿ ತೆಗೆದು ಒದ್ದೆ ಅಡಿಕೆಸಿಪ್ಪೆಯ ಜೊತೆ ತೆಂಗಿನ ಚಿಪ್ಪಿನಲ್ಲಿಟ್ಟರೆ ಇಡೀ ದಿನ ಚುರುಕಾಗಿರುತ್ತದೆ.

ಕೂರುವ ಮೊದಲು ಆಳ ಅಳೆಯಬೇಕು. ಗಾಳಕ್ಕೆ ಒಂದು ನಟ್ಟು ಸಿಕ್ಕಿಸಿ ನೀರಿಗೆ ಬಿಟ್ಟು, ಬೆಂಡನ್ನು ಸರಿಸುತ್ತಾ ಎರೆ ತಳದಿಂದ ಎರಡು ಮೂರು ಬೆರಳು ಮೇಲೆ ನಿಲ್ಲುವ ಹಾಗೆ ಮಾಡಿ. ಅರ್ಧ ಮುಷ್ಟಿ ತೌಡಿಗೆ ಮಣ್ಣು ಕಲಸಿ ಉಂಡೆಕಟ್ಟಿ ಅಲ್ಲಿಗೇ ಎಸೆದು ಕಾಲು ಗಂಟೆ ಸುಮ್ಮನಿರಿ. ಅದಕ್ಕಿಂತ ಹೆಚ್ಚು ಎಸೆದರೆ ಮೀನು ಹೊಟ್ಟೆ ತುಂಬಿಸಿಕೊಂಡು ಹೊರಡುತ್ತದೆ. ಬಿಸಿಲು ಬೆನ್ನಿಗಿದ್ದರೆ ನಿಮ್ಮ ನೆರಳು ನೀರಿಗೆ ಬೀಳುತ್ತದೆ, ಜಾಗ ಬದಲಿಸಿ. ಬೆಂಡು ತುಪುಕ್ ತುಪುಕ್ ಅಂದ ಕೂಡಲೇ ಎಳೆಯಬೇಡಿ, ಅದು ರುಚಿ ನೋಡುವುದು. ಓರೆಯಾಗಿ ಜಾರಿ ಮುಳುಗಿದಾಗ ಮಣಿಕಟ್ಟಿನಲ್ಲಷ್ಟೇ ಎತ್ತಿ, ತೋಳಿನಲ್ಲಲ್ಲ. ತೋಳಿನಲ್ಲಿ ಎತ್ತಿದರೆ ಪಕ್ಕೆಯ ಬಾಯಿ ಹರಿಯುತ್ತದೆ, ಮೀನು ಹಿಂದಿನ ಲಂಟಾನಕ್ಕೆ ಹೋಗಿ ಬೀಳುತ್ತದೆ.

ಬೇಸಿಗೆಯಲ್ಲಿ ಹಳ್ಳದ ದಾರಿಯಲ್ಲಿ ಉಣುಗು ನೋಡಿಕೊಳ್ಳಿ. ಅದರಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ಸೊರಬದ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿ, ತುಂಬುತೋಳಿನ ಅಂಗಿ ಹಾಕಿ, ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ. ಅಡಿಕೆಗೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯುವ ದಿನಗಳಲ್ಲಿ ತೋಟದ ಕೆಳಗಿನ ಕಾಲುವೆಯ ಮೀನು ಬೇಡ. ಔಷಧಿ ಹೊಡೆದ ಗದ್ದೆಯ ಏಡಿಯೂ ಬೇಡ.

ಏಡಿಗೆ ಗಾಳವೇ ಬೇಡ. ಕೋಳಿ ಅಂಗಡಿಯವರು ಬಿಸಾಡುವ ಕರುಳನ್ನು ಮೂರಡಿ ಕೋಲಿನ ತುದಿಗೆ ದಾರದಲ್ಲಿ ಬಿಗಿದು, ಕಲ್ಲಿನ ಸಂದಿಯ ಮುಂದೆ ಇಳಿಬಿಡಿ. ಕೊಂಬಿನಲ್ಲಿ ಹಿಡಿದ ಏಡಿ ಗಾಳಿ ಸೋಕುವವರೆಗೂ ಬಿಡುವುದಿಲ್ಲ. ನಿಧಾನ ಮೇಲೆ ತಂದು, ನೀರಿನಲ್ಲಿರುವಾಗಲೇ ಕೆಳಗೆ ಹಳೆಯ ಜರಡಿ ಹಿಡಿಯಬೇಕು. ಹೊಟ್ಟೆಯ ಮಡಿಕೆಯಲ್ಲಿ ಮೊಟ್ಟೆ, ಮರಿ ಇದ್ದರೆ ವಾಪಸ್ಸು. ಹಳ್ಳದ ಏಡಿಯಿಂದ ಶ್ವಾಸಕೋಶಕ್ಕೆ ಇಳಿಯುವ ಹುಳ ಬರಬಹುದು, ಅದಕ್ಕೆ ಅರೆಬೆಂದ ಏಡಿ ತಿನ್ನಬಾರದು. ಚಟ್ನಿ ಮಾಡುವುದಾದರೂ ಮೊದಲು ಚೆನ್ನಾಗಿ ಬೇಯಿಸಿ.

ಮುರುಗೋಡು, ಚೇಳುಮೀನನ್ನು ಬಟ್ಟೆ ಸುತ್ತಿ ತಲೆಯ ಹಿಂದೆ ಹಿಡಿಯಿರಿ. ಚೇಳುಮೀನಿನ ಪಕ್ಕದ ಮುಳ್ಳಿಗೆ ವಿಷವಿದೆ. ಚುಚ್ಚಿದರೆ ತಡೆಯುವಷ್ಟು ಬಿಸಿನೀರಿನಲ್ಲಿ ಕೈ ಅದ್ದಿಡಿ, ಆ ವಿಷ ಬಿಸಿಗೆ ಬಲ ಕಳೆದುಕೊಳ್ಳುತ್ತದೆ. ಉರಿ ಇಳಿಯದಿದ್ದರೆ, ಬಾವು ಬಂದರೆ ಡಾಕ್ಟರ ಹತ್ತಿರ ಹೋಗಿ. ಲೋಳೆಗೆ ಒಲೆಬೂದಿ ಹಾಕಿ ಉಜ್ಜಿದರೆ ಸಾಕು. ಕೆರೆಮೀನಿನ ಕೆಸರುವಾಸನೆ ಹುಳಿಗೆ ತಗ್ಗುತ್ತದೆ: ಉಪ್ಪಾಗೆ ಅಥವಾ ವಾಟೆಹುಳಿ ನೆನೆಸಿದ ನೀರಿಗೆ ಉಪ್ಪು, ಅರಿಶಿನ ಹಾಕಿ ಅರ್ಧ ಗಂಟೆ ನೆನೆಹಾಕಿ.

ನಿಜವಾದ ಉಳಿತಾಯ ಇರುವುದು ಒಣಮೀನಿನಲ್ಲಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಘಟ್ಟ ಹತ್ತಿ ಬರುವ ಮೀನಿನ ಬೆಲೆ ಏರುತ್ತದೆ. ಇತ್ತ ಮೃಗಶಿರ, ಆರಿದ್ರ ಮಳೆಗೆ ನಮ್ಮ ಹಳ್ಳದ ಮೀನು ಮೊಟ್ಟೆ ಇಡಲು ಮೇಲಕ್ಕೆ ಹತ್ತುತ್ತದೆ. ಹತ್ತುಮೀನು ಹಿಡಿಯುವುದು ಸುಲಭ, ಕತ್ತಿಯಲ್ಲೇ ಕಡಿಯುತ್ತಾರೆ. ಆದರೆ ಹೊಟ್ಟೆತುಂಬ ಮೊಟ್ಟೆಯಿರುವುದನ್ನು ಕಡಿದರೆ ಸ್ವಾತಿ ಮಳೆಯ ಹೊತ್ತಿಗೆ ಅದೇ ಹಳ್ಳ ಖಾಲಿ, ಇಲಾಖೆಯ ನಿರ್ಬಂಧವೂ ಇರುತ್ತದೆ. ಸಿಡಿಮದ್ದು, ವಿಷ ಹಾಕುವುದಂತೂ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಆ ಎರಡು ತಿಂಗಳಿಗೆ ಬೇಕಾದದ್ದನ್ನು ಏಪ್ರಿಲ್, ಮೇಯಲ್ಲೇ ಮಾಡಿಟ್ಟುಕೊಳ್ಳುತ್ತೇನೆ.

ಕರುಳು ತೆಗೆದು, ಗೇಣುದ್ದದ ಮೀನನ್ನು ಬೆನ್ನಿನಿಂದ ಸೀಳಿ ಪುಸ್ತಕದ ಹಾಗೆ ಬಿಚ್ಚಿ. ಕಿಲೋಗೆ 250 ಗ್ರಾಂ ಕಲ್ಲುಪ್ಪು ಪುಡಿಮಾಡಿ ಸವರಿ, ಮಣ್ಣಿನ ಮಡಕೆಯಲ್ಲಿ ಒಂದು ರಾತ್ರಿ. ಬೆಳಿಗ್ಗೆ ಬಿಟ್ಟ ನೀರು ಚೆಲ್ಲಿ, ಮೇಲುಪ್ಪು ಒರೆಸಿ, ಬಿಸಿಲಿಗೆ ಒಂದು ದಿನ ಇಟ್ಟು ಆಮೇಲೆ ಒಲೆಯ ಮೇಲೆ ಮೂರಡಿ ಎತ್ತರದಲ್ಲಿ ಬಿದಿರ ತಟ್ಟಿಯಲ್ಲಿ ಹರಡಿ. ಒಂದರ ಮೇಲೊಂದು ಬೀಳಬಾರದು. ನಾಲ್ಕೈದು ದಿನ ಬೆಳಿಗ್ಗೆ ಸಂಜೆ ಮಗುಚಿ. ತಟ್ಟಿ ತೀರಾ ಕೆಳಗಿದ್ದರೆ ಮೇಲ್ಭಾಗ ಬೆಂದು ಗಟ್ಟಿಯಾಗಿ ಒಳಗೆ ಹಸಿ ಉಳಿಯುತ್ತದೆ, ಹುಳ ಬೀಳುವುದು ಅಂಥದ್ದಕ್ಕೇ. ಬೆನ್ನಿನ ದಪ್ಪ ಜಾಗವನ್ನು ಬಗ್ಗಿಸಿದಾಗ ಮಣಿಯದೆ ಲಟ್ಟನೆ ಮುರಿದರೆ ಆಯಿತು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೆವರುತ್ತದೆ. ಬಾಳೆಯ ಒಣಎಲೆಯಲ್ಲಿ ಸುತ್ತಿ ಅದೇ ಅಟ್ಟಕ್ಕೆ ಸಿಕ್ಕಿಸಿ, ಮಳೆ ಬಿಡದೆ ಹೊಡೆಯುವ ವಾರ ಒಂದು ಸಲ ಇಳಿಸಿ ಮೂಸಿ ನೋಡಿ.